ಬೋಂಡಾ ಬಿಟ್ಟ ಕೈ

ಕುಕ್ಕರಿನಲ್ಲಿ ಕೂತಲ್ಲೇ ಕುಸಿದ ಕೇಕನ್ನು
ಪುಡಿಮಾಡಿ, ಸಿಹಿಹಾಲು ಸುರಿದು
ಉಂಡೆ ಕಟ್ಟಿದ್ದಾಳೆ ಶರಧಿ.

ಇವರಿಗಿವತ್ತು ರಜೆ.
ಫೋರ್ಟಿನ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ
ಬೋಂಡಾ ಬಿಟ್ಟ ಕೈ.
ಕರಗಿದ ಚಾಕಲೇಟು ಕಂಡದ್ದೇ
ಬೆರಳದ್ದಿ ಹದ ನೋಡಿ
“ಹಿಟ್ಟು ನೀರಾಯ್ತು” ಅಂದರು.

“ಹಿಟ್ಟಲ್ಲ ಅಪ್ಪ! ಕೊಡವಬೇಡ,
ಕಡ್ಡಿ ತಿರುಗಿಸು, ಮೆಲ್ಲಗೆ ತಟ್ಟು.”
ತಟ್ಟಿದರು.
ಒಂದರ ತಲೆ ಕಳಚಿ ಬಟ್ಟಲಲ್ಲಿ ಮುಳುಗಿತು.
ಉಳಿದ ಹನ್ನೊಂದು
ಊರಿಂದ ಬಂದ ಸೌತೆಯ ಅರ್ಧ ಹೋಳಿಗೆ
ಚುಚ್ಚಿಸಿಕೊಂಡು ನಿಂತವು;
ಕುರ್ಲಾದ ಫಾಸ್ಟ್ ಲೋಕಲ್ ಹಾದಾಗೆಲ್ಲ
ನಮ್ಮ ಖೋಲಿಯ ಜೊತೆ ತಾವೂ ನಡುಗಿದವು.

ಫ್ರಿಜ್ಜಿನಿಂದ ತೆಗೆದ ಮೊದಲನೆಯದು ಅವರಿಗೇ.
ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.
ಆದರೂ ಬಾಯಿಗಿಡುವ ಮುಂಚೆ
ಉಫ್, ಉಫ್ ಎಂದು
ಊದಿದರು.