ನಾಲ್ಕನೆಯ ರಿಮೋಟು

ವಾಸ್ಕೋದಲ್ಲಿ ನಮ್ಮ ಸಭೆಗೆ ಸ್ವಂತ ಸೂರಿಲ್ಲ.
ಟೈರಿನಂಗಡಿಯ ಮೇಲಿನ ಬಾಡಿಗೆ ಕೋಣೆ,
ಬೆಳಿಗ್ಗೆ ಮಲಯಾಳಿಗಳದು, ಮಧ್ಯಾಹ್ನ ಹಿಂದಿಯವರದು,
ನಾಲ್ಕರ ಮೇಲೆ ಕನ್ನಡದ್ದು.
ಆಮೆನ್ ಅಂದಾಗೆಲ್ಲ ಕೆಳಗೊಂದು ಟ್ಯೂಬು
ಉಸ್ಸೆಂದು ಗಾಳಿ ಬಿಡುತ್ತದೆ.

ಹಡಗಿನ ಬೆಥುವೇಲ ರಜೆಗೆ ಬಂದವನು
ಹಳೆಯದೊಂದು ಗೇಮಿನ ಡಬ್ಬಿ ಕೊಟ್ಟು ಹೋದ,
ನಾಲ್ಕು ರಿಮೋಟು, ಒಂದರ ಗುಂಡಿ ಸವೆದದ್ದು.
ಸಂಡೇಸ್ಕೂಲಿನ ಮಕ್ಕಳಿಗೆ, ಅಂದ.
ನನಗೆ ಮನಸ್ಸಿರಲಿಲ್ಲ.
ಹಾಜರಿಗೆ ನಕ್ಷತ್ರ ಅಂಟಿಸುವ ಮಾಸ್ತರ ನಾನು:
ವಚನ ಒಪ್ಪಿಸಿದವರಿಗೆ ಬಂಗಾರದ್ದು,
ತಡವರಿಸಿದವರಿಗೆ ಬೆಳ್ಳಿಯದು,
ತಡವಾಗಿ ಬಂದವರಿಗೆ ಏನೂ ಇಲ್ಲ.

ಆಟ ಇಷ್ಟೇ: ಒಂದು ಗವಿ, ಒಂದು ಹಗ್ಗ,
ಹಗ್ಗಕ್ಕೆ ಪೋಣಿಸಿದ ನಾಲ್ಕು ಗಿಡ್ಡ ಜೀವ,
ನಡುವೆ ಒಂದು ಲಾಂದ್ರ.
ಯಾರ ಹೆಸರಿಗೂ ಬೇರೆ ಅಂಕ ಬೀಳುವುದಿಲ್ಲ.
ಬಿದ್ದವನು ಬಿದ್ದಲ್ಲೇ ಬೂದಿಬಣ್ಣವಾಗಿ ಕೂರುತ್ತಾನೆ,
ದೀಪ ಕಾಲುಭಾಗ ಕುಗ್ಗುತ್ತದೆ.
ಉಳಿದವರು ತಿರುಗಿ ಬರಬೇಕು, ಮೈಮೇಲೆ ಕೈಯಿಟ್ಟು
ಹತ್ತು ಎಣಿಸಬೇಕು.
ಕೊನೆಗೊಂದು ಬಾಗಿಲು. ಎದುರಿಗೆ ನಾಲ್ಕು ಹಾಸುಗಲ್ಲು.
ನಾಲ್ಕರ ಮೇಲೂ ಕಾಲು ಬೀಳದೆ ಅದು ಅಲುಗುವುದಿಲ್ಲ.

ಮಕ್ಕಳೋ ಮೂವರೇ.
ಹನೋಕ, ತಬಿಥಾ, ಸುಕೃತಿ.
ನಾಲ್ಕನೆಯವನು ಯೋತಾಮ, ಬಾರದೆ ಹನ್ನೊಂದು ತಿಂಗಳು.
ಅವನಪ್ಪ ಬರ್ನಬ ಕಾಣಿಕೆಯ ಪೆಟ್ಟಿಗೆಯಿಂದ
ಎರಡು ಸಾವಿರದ ನಾನೂರು ತೆಗೆದಿದ್ದ,
ಬಂದರಿನಲ್ಲಿ ಅದಿರಿನ ಕೆಲಸ ನಿಂತ ವರ್ಷ.
ಲೆಕ್ಕ ಹಿಡಿದವನು ನಾನು.
ಎಲ್ಲರೆದುರು ಓದಿದವನೂ ನಾನೇ,
ಕನ್ನಡಕ ಒರೆಸಿಕೊಂಡು.
ಲೆಕ್ಕ ತಪ್ಪಿರಲಿಲ್ಲ. ಇಂದಿಗೂ ತಪ್ಪಿಲ್ಲ.

ತಿಂಗಳ ಮೊದಲ ಭಾನುವಾರ ಒಂದೇ ರೊಟ್ಟಿ ಮುರಿಯುತ್ತೇವೆ,
ಒಂದೇ ದೇಹ ಎನ್ನುತ್ತೇವೆ.
ಹನ್ನೊಂದು ಸಲ ಬಟ್ಟಲು ಕೈಯಿಂದ ಕೈಗೆ ದಾಟಿತು.
ಅವರು ಕೂರುತ್ತಿದ್ದ ಬೆಂಚಿನಲ್ಲಿ
ಯಾರೋ ಛತ್ರಿ ಇಡತೊಡಗಿದರು.

"ನೀವ ಬರ್ರಿ ಸರ್" ಎಂದು ಸವೆದ ಗುಂಡಿಯದನ್ನು
ನನ್ನ ಕೈಗಿಟ್ಟರು.

ಮೊದಲ ಕಂದಕದಲ್ಲೇ ಬಿದ್ದೆ.
ತಬಿಥಾ ಬಂದಳು, ಎಣಿಸಿದಳು, ಎದ್ದೆ.
ಮತ್ತೆ ಅಲ್ಲೇ ಬಿದ್ದೆ.
ಐವತ್ತೆಂಟಕ್ಕೆ ಹೆಬ್ಬೆರಳು ಮಾತು ಕೇಳುವುದಿಲ್ಲ.
ಸುಕೃತಿ ನಕ್ಕಳು, ನಗುತ್ತಲೇ ಹಿಂದೆ ಬಂದಳು.
ಐದನೇ ಸಲ, ಆರನೇ ಸಲ
ಹಗ್ಗ ಜಗ್ಗಿ ಹನೋಕನೂ ಜಾರಿದ.
ಮುಖದಲ್ಲಿ ಸಿಟ್ಟಿತ್ತು, ಇಲ್ಲವೆನ್ನಲಾರೆ.
"ನನ್ನ ಬಿಟ್ಟು ಹೋಗಿರಪ್ಪ" ಅಂದೆ.
ತೆರೆಯಿಂದ ಕಣ್ಣು ತೆಗೆಯದೆ ಅವನಂದ:
"ಬಿಟ್ಟು ಹೋದ್ರ ಬಾಗ್ಲಾ ತೆರಿಯಂಗಿಲ್ರಿ."

ಹುಡುಗ ಉಪದೇಶ ಮಾಡುತ್ತಿರಲಿಲ್ಲ, ಆಡುತ್ತಿದ್ದ.

ಚಾಪೆಯ ನಾಲ್ಕು ಮೂಲೆ ಹಿಡಿದು, ಮಾಡು ಬಿಚ್ಚಿ,
ಗೆಳೆಯನನ್ನು ಇಳಿಬಿಟ್ಟವರ ಕತೆಯನ್ನು
ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ.
ಹೊತ್ತವರಲ್ಲೊಬ್ಬ ನಾನೆಂದೇ ತಿಳಿದಿದ್ದೆ.
ಮಲಗಿದವನ ಬೆನ್ನಿಗೆ
ಆ ಚಾಪೆ ಹೀಗೆ ಒತ್ತುತ್ತದೆಂದು ಗೊತ್ತಿರಲಿಲ್ಲ.

ಆ ಸಂಜೆ ಬಾಗಿಲು ತೆರೆಯಲಿಲ್ಲ.
ಏಳಕ್ಕೆ ವಾಚ್‌ಮನ್ ಬೀಗ ತಂದ.
ವಯರು ಸುತ್ತುತ್ತ ತಬಿಥಾ,
"ಯೋತಾಮ ಇದ್ದಿದ್ರ ಒಂದ ಸಲಕ್ಕ ದಾಟ್ತಿದ್ದ" ಅಂದಳು,
ಯಾರನ್ನೂ ನೋಡಿ ಅಲ್ಲ.

ಆಟಕ್ಕೂ ಬಾಳಿಗೂ ತಾಳೆ ಹಾಕಹೊರಟರೆ
ಎಲ್ಲೋ ಒಂದು ಕಡೆ ಹರಿಯುತ್ತದೆ.
ಗವಿಯಲ್ಲಿ ಬಿದ್ದವನಿಗೆ ಹತ್ತು ಎಣಿಕೆ.
ಬರ್ನಬನಿಗೆ?
ನಾನಿನ್ನೂ ಒಂದು ಎಂದೇ ಇಲ್ಲ.

ಬೈನಾದ ಓಣಿ. ಕಲ್ಲಿದ್ದಲ ಧೂಳು ಕೂತ ಕಿಟಕಿಗಳು,
ತಲೆಯ ಮೇಲೆ ದಾಬೋಳಿಗೆ ಇಳಿಯುವ ವಿಮಾನ.
ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕನೆಯ ರಿಮೋಟು,
ವಯರು ಹೊರಗೆ ಜೋತು, ಇಲಿಯ ಬಾಲದ ಹಾಗೆ.
ದಾರಿಯುದ್ದ ಜೋಡಿಸಿಕೊಂಡ ಮಾತು
ಮೆಟ್ಟಿಲ ಬಳಿ ಒಂದೂ ಉಳಿದಿರಲಿಲ್ಲ.

ಒಳಗೆ ಕುಕ್ಕರು ಕೂಗಿತು. ಯಾರೋ ಕೆಮ್ಮಿದರು.
ಚಿಲಕದ ಮೇಲೆ ಕೈಯಿಟ್ಟೆ. ತೆಗೆಯಲಿಲ್ಲ.
ಒಂದು.
ಎರಡು.