ಎಂಟನ್ನು ಮೂರು ಮಾಡುವುದು

ಕಂಕನಾಡಿಯಲ್ಲಿ ನನ್ನದು ರೇಡಿಯಂ ಸ್ಟಿಕ್ಕರಿನ ಅಂಗಡಿ.
ಬಸ್ಸಿನ ಹಣೆಗೆ ದೇವರು, ಬೋಟಿನ ಮೂತಿಗೆ ಹೆಂಡತಿಯ ಹೆಸರು,
ಆಟೋದ ಬೆನ್ನಿಗೆ ಯಾರದೋ ಕಣ್ಣು,
ಎಲ್ಲ ಕತ್ತರಿಸಿದ ಕೈ ಇದು.

ಲಿಗೋರಿಯವರು ತಂದದ್ದು ಅಂಗೈಯಗಲದ ಹಾಳೆ.
ಯಾವುದೋ ದೇಶದಿಂದ ಅಂಚೆಯಲ್ಲಿ ಬಂದದ್ದಂತೆ,
ವಿಮಾನದ ಕಿಟ್‌ಗಿಂತ ದುಬಾರಿಯಂತೆ.
ಕೇಸರಿ ಬಿಳಿ ಹಸಿರು ವೃತ್ತಗಳು ಬಟಾಣಿಯಷ್ಟೇ,
‘ಇಲ್ಲಿ ಕಾಲಿಡಬೇಡಿ’ ಎಂಬುದು
ಇರುವೆಯೂ ಕನ್ನಡಕ ಹಾಕಿ ಓದಬೇಕು.

“ಎಲ್ಲ ಉಂಟು ಮಾರಾಯ, ನಮ್ಮ ಮಿಗ್ಗಿನ ನಂಬರೇ ಇಲ್ಲ.
ಕೊನೆಗೆ ಮೂರು ಬೇಕು. ಇರುವುದು ಎಂಟು.”

ನನ್ನ ಮೆಷಿನ್ನಿಗೆ ಅಷ್ಟು ಸಣ್ಣದು ಬಾರದು.
ಹೊಸ ಬ್ಲೇಡು ಬಿಚ್ಚಿದೆ.
ಸಿಟಿ ಬಸ್ಸು ಹಾರ್ನು ಹೊಡೆದು ತಿರುವು ದಾಟುವವರೆಗೆ
ಉಸಿರು ಹಿಡಿದು ಕಾದು
ಎಂಟರ ಎಡಮಗ್ಗುಲಿಗೆ ಎರಡು ಗೀರು.
ಮೂರು.

ಬೆಂದೂರಿನ ಅವರ ಮನೆ. ತಟ್ಟೆಯಲ್ಲಿ ಉಗುರುಬೆಚ್ಚನೆ ನೀರು,
ಪಕ್ಕದಲ್ಲಿ ಕಳ್ಳಿನ ವಿನೆಗರು,
ಹಂದಿಮಾಂಸಕ್ಕೆಂದು ಫ್ಲೋರಿನ್ ಬಾಯಿ ಇಟ್ಟದ್ದು.
“ಒಂದು ಹನಿ ಸಾಕು, ಮೆತ್ತಗಾಗಿ ರಿವೆಟ್ಟಿನ ಮೇಲೂ ಬಗ್ಗಿ ಕೂರುತ್ತದೆ.”
ಮೂರು ಕಾಗದ ಬಿಟ್ಟು ಜಾರಿತು
ಬೂತಾಯಿಯ ಹುರುಪೆಯ ಹಾಗೆ.
ಮೂಗಿನ ಪಕ್ಕ ನೇರ ಕೂರಿಸಿದೆ.
ನಾನು ನೇರ ಅಂದರೆ ನೇರವೇ.

ಅವರು ಒದ್ದೆ ಕುಂಚದ ತುದಿಯಿಂದ ಮುಟ್ಟಿ
ಕೂದಲೆಳೆಯಷ್ಟು ಓರೆ ಮಾಡಿದರು.

“ಬರೆದವ ನಾನೇ. ಆ ರಾತ್ರಿ ಗಡಿಬಿಡಿ ಇತ್ತು,
ಟಾರ್ಚು ಹಿಡಿದವನ ಕೈ ನಿಲ್ಲುತ್ತಿರಲಿಲ್ಲ.
ಇಳಿದು ಬಂದ ಮೇಲೆ ಸರಿ ಮಾಡುವ ಅಂತಿದ್ದೆ.”

ಒಳಗಿಂದ ಫ್ಲೋರಿನ್ ಬಾಯಿ ವಿನೆಗರು ಕೇಳಿದರು,
ಎರಡು ಸಲ.
ಮೂರು ಇನ್ನೂ ಒದ್ದೆ ಇತ್ತು.