ಒಂದು ಹಿಡಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಗುಲ್ಜಾರ್ ಸಾಬರು ಜಾಲರಿಗೆ ಮೊಣಕೈವರೆಗೂ ಕೈ ಇಳಿಸಿ
ತಳದಿಂದ ಒಂದು ಹಿಡಿ ತೆಗೆಯುತ್ತಾರೆ.
ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ,
ಒಂದನ್ನು ಬ್ಲೇಡಿನಲ್ಲಿ ಸೀಳಿ,
ಅರವತ್ತು ಕೆಜಿಗೆ ಬೆಲೆ ಕಟ್ಟುತ್ತಾರೆ.
ತಪ್ಪಿದ್ದು ಕಡಿಮೆ.

ದಿನಾ ಹನ್ನೊಂದಕ್ಕೆ ಆ ಧಾರಣೆಯನ್ನು
ವೆಬ್‌ಸೈಟಿಗೆ ಏರಿಸುವವಳು ನಾನು.
ಜಾಹೀರಾತು ಕೇಳಲು ಹೋದರೆ
ಬ್ಲೀಚಿಂಗ್ ಪೌಡರ್ ಅಂಗಡಿಯ ಚೌಡರೆಡ್ಡಿ
ಫೋನು ತಿರುಗಿಸಿ ತೋರಿಸಿದ:
ಲೋಕದಲ್ಲಿ ನಿಂದು ಎಷ್ಟನೆಯದು, ನೋಡು.
ನಲವತ್ತೊಂದು ಲಕ್ಷದ ಆಚೆ ಎಲ್ಲೋ.
ಪಕ್ಕದಲ್ಲೇ ಇರುವೆಯಂಥ ಅಕ್ಷರ: ಅಂದಾಜು.

ಯಾರನ್ನು ಎಣಿಸಿದರು ಎಂದು ರಾತ್ರಿಯೆಲ್ಲ ಹುಡುಕಿದೆ.
ಬ್ರೌಸರಿನ ನೆತ್ತಿಯ ಮೇಲೆ
ಅವರ ಟೂಲ್‌ಬಾರ್ ಹೊತ್ತವರನ್ನು ಮಾತ್ರವಂತೆ;
ಅವರು ಹೋದ ಕಡೆ ಲೋಕ ಹೋದ ಹಾಗೆ.
ಮೇಲೂರಿನಲ್ಲಿ ಅಂಥವರಿಲ್ಲ.
ಕಂಪ್ಯೂಟರೇ ಮೂರು, ಒಂದು ಕೆಟ್ಟಿದೆ.

ಅಲ್ಲಿ ಪಿಳ್ಳಮ್ಮ ಹುಳದ ಮನೆ ಬಾಗಿಲಲ್ಲಿ ನಿಂತು
ಒಂದೇ ಫೋನಿನಿಂದ ಗಟ್ಟಿಯಾಗಿ ಓದುತ್ತಾಳೆ.
ಸೊಪ್ಪು ಕೊಯ್ಯುವವರು ಬದುವಿನಾಚೆಯಿಂದ
"ಎಷ್ಟಂದೆ?" ಅನ್ನುತ್ತಾರೆ, ಮತ್ತೆ ಓದುತ್ತಾಳೆ.
ಹದಿನೇಳು ಮನೆ ಸೇರಿ ಒಂದು ಭೇಟಿ.
ಅದೂ ಯಾವ ಲೆಕ್ಕಕ್ಕೂ ಬೀಳಲಿಲ್ಲ.

ಅಳತೆ ಸುಳ್ಳು ಅನ್ನಲಾರೆ.
ಗುಲ್ಜಾರ್ ಸಾಬರದ್ದೂ ಒಂದು ಹಿಡಿಯೇ.
ಆದರೆ ಅವರ ಕೈ ನಮ್ಮ ಜಾಲರಿಯೊಳಗಿತ್ತು,
ತೋಳಿಗಂಟಿದ ಎಳೆಯನ್ನು
ಸಂಜೆವರೆಗೂ ಬಿಡಿಸಿಕೊಳ್ಳುತ್ತಿದ್ದರು.

ಮೊನ್ನೆ ಸರ್ವರ್ ಮಲಗಿತು, ಧಾರಣೆ ಏರಲಿಲ್ಲ.
ಹನ್ನೊಂದೂಕಾಲಿಗೆ ಫೋನು.
"ಏನ್ ಅಮ್ಮಣ್ಣಿ, ಇವತ್ತು ಗೂಡೇ ಬಂದಿಲ್ವಾ?"
ಹಿಂದೆ ಬದುವಿನಾಚೆಯಿಂದ ಯಾರೋ ಕೂಗುತ್ತಿದ್ದರು,
ಎಷ್ಟಂತೆ, ಎಷ್ಟಂತೆ.